ಬಾವಿಕಟ್ಟೆಯ ಪಾಠ

ಯೋಹಾನನ ಸುವಾರ್ತೆಯಲ್ಲಿ ಒಂದು ಬಾವಿಯ ಕಥೆಯಿದೆ. ಯೆಹೂದ್ಯರು ಸಮಾರ್ಯದವರೊಡನೆ ಬಳಕೆಯಿಡದಿದ್ದ ಕಾಲವದು. ದಾರಿ ನಡೆದು ದಣಿದ ಯೇಸು ಸಮಾರ್ಯದ ಹೆಂಗಸೊಬ್ಬಳನ್ನು ಕುಡಿಯಲು ನೀರು ಬೇಡಿದನು, ಉಪದೇಶ ಆಮೇಲೆ. ಕೊಡಬಂದವನೇ ಮೊದಲು ಕೈಯೊಡ್ಡಿದನು.

ಬಾಸೆಲ್ ಮಿಷನ್ನಿನ ಕಿಟೆಲ್ ಪಂಡಿತರು ಹಿಡಿದುದೂ ಇದೇ ದಾರಿ. 1853ರಲ್ಲಿ ಬಂದ ಅವರು ಕನ್ನಡದ ವಿದ್ಯಾರ್ಥಿಯಾದರು. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದರು. ಅವರ 1894ರ ನಿಘಂಟಂತೂ ಎಲ್ಲ ಮತದ ಕನ್ನಡಿಗರ ಸೊತ್ತಾಯಿತು.

ಭಟ್ಕಳದ ಮುಟ್ಟಳ್ಳಿಯಂಥ ಊರಿನಲ್ಲಿ ಇಂದು ತನ್ನ ನಂಬಿಕೆಯನ್ನು ನೆರೆಯವರಿಗೆ ತಿಳಿಸಬಯಸುವ ಕ್ರೈಸ್ತನು ಮೊದಲು ಅವರ ಮನೆಯ ನೀರು ಕುಡಿಯಲಿ, ಅವರ ಮಾತನ್ನು ಕೇಳಲಿ. ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಸುದ್ದಿ ಒಯ್ದವಳು ಆ ಹೆಂಗಸೇ; ಯಾರ ಒತ್ತಾಯವೂ ಇರಲಿಲ್ಲ.