ಗಣಕಯಂತ್ರದ ಧ್ವನಿ: ಮೊದಲು ಬದಲಾಗಬೇಕಾದುದು ಯಾವುದು?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ ಕನ್ನಡ; ಪೇಟೆಯ ಮಾತು ಮಲೆಯಾಳ. ಪುಸ್ತಕದ ಕನ್ನಡ ಅವರ ಕಿವಿಗೆ ಬೀಳುವುದು ಮುಖ್ಯವಾಗಿ ಅಧ್ಯಾಪಕರಿಂದ. 2020ರಲ್ಲಿ ಶಾಲೆಗಳು ಮುಚ್ಚಿದಂದಿನಿಂದ ಮನೆಯ ಗಣಕಯಂತ್ರವೂ ಈ ಕೆಲಸದಲ್ಲಿ ಪಾಲುಗೊಂಡಿದೆ. ಅದರ ಧ್ವನಿಯಲ್ಲಿ ‘ಸಾಲು’ ಯಾವುದು, ‘ಶಾಲು’ ಯಾವುದು ಎಂಬುದು ತಿಳಿಯದಿದ್ದರೆ ಉಕ್ತಲೇಖನದಲ್ಲಿ ಮಗು ತಪ್ಪುವುದು ಸಹಜ.

ಇದಕ್ಕೆ ಕಾರಣ ಸರಳ. ‘ಸ’ಕಾರದ ಶಕ್ತಿ ಬಹುಮಟ್ಟಿಗೆ 4,000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳಲ್ಲಿದೆ, ‘ಶ’ಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಹಳೆಯ ದೂರವಾಣಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಒಯ್ಯುತ್ತಿದ್ದುದರಿಂದ ಅದರಲ್ಲಿ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ಅಗ್ಗದ ಸ್ಪೀಕರಿನ ಸುಯ್ಗುಡುವ ಸದ್ದು ಮುಚ್ಚಿಹಾಕುವುದೂ ಈ ಮೇಲಿನ ಕಂಪನಗಳನ್ನೇ.

ಧ್ವನಿ ಚೆನ್ನಾಗಿಲ್ಲವೆಂದಾಗ ಅನೇಕರು ಮೊದಲು ಸೌಂಡ್ ಕಾರ್ಡಿನ ಬೆಲೆ ವಿಚಾರಿಸುತ್ತಾರೆ. 1989ರಲ್ಲಿ ಸೌಂಡ್ ಬ್ಲಾಸ್ಟರ್ ಬಂದ ಕಾಲಕ್ಕೆ ಅದು ಸರಿಯಾದ ದಾರಿಯಾಗಿತ್ತು. ಆಗಿನ ಯಂತ್ರಕ್ಕೆ ಬೀಪ್ ಎನ್ನುವುದಕ್ಕಿಂತ ಹೆಚ್ಚಿನ ದನಿ ಇರಲಿಲ್ಲ. ಇಂಟೆಲ್ 2004ರಲ್ಲಿ ಎಚ್‌ಡಿ ಆಡಿಯೋ ಮಾನದಂಡವನ್ನು ತಂದ ಬಳಿಕ ಸ್ಥಿತಿ ಬದಲಾಯಿತು. ಇಂದು ಮದರ್‌ಬೋರ್ಡಿನಲ್ಲಿಯೇ ಇರುವ ಧ್ವನಿ ಚಿಪ್ ಪಾಠದ ಮಾತನ್ನು ಸ್ಪಷ್ಟವಾಗಿ ನುಡಿಸಲು ಸಾಕು. ಕೊರತೆ ಹೆಚ್ಚಾಗಿ ಇರುವುದು ಚಿಪ್ಪಿನಿಂದ ಕಿವಿಯವರೆಗಿನ ಹಾದಿಯಲ್ಲಿ. ಆದುದರಿಂದ ದುರಸ್ತಿಯೂ ಕಿವಿಯ ಕಡೆಯಿಂದಲೇ ಆರಂಭವಾಗುವುದು ಲೇಸು.

ಮೊದಲ ಹೆಜ್ಜೆಗೆ ಖರ್ಚಿಲ್ಲ. ಸ್ಪೀಕರಿನ ತಂತಿಯನ್ನು ಸಿಪಿಯು ಪೆಟ್ಟಿಗೆಯ ಮುಂಭಾಗದ ಬದಲು ಹಿಂಭಾಗದ ಹಸಿರು ಜ್ಯಾಕಿಗೆ ಸಿಕ್ಕಿಸಬೇಕು. ಮುಂದಿನ ಜ್ಯಾಕಿಗೆ ಹೋಗುವ ಒಳತಂತಿ ಪೆಟ್ಟಿಗೆಯ ಉದ್ದಕ್ಕೂ ಹಾದು, ಇತರ ಭಾಗಗಳ ವಿದ್ಯುತ್ ಗದ್ದಲವನ್ನು ಹೀರಿಕೊಳ್ಳುತ್ತದೆ. ಎರಡೂ ಸ್ಪೀಕರುಗಳು ಮಗುವಿನ ಕಿವಿಯ ಎತ್ತರದಲ್ಲಿ, ಸಮಾನ ದೂರದಲ್ಲಿ, ಮುಖ ಮಾಡಿ ನಿಲ್ಲಬೇಕು. ಪರದೆಯ ಹಿಂದೆ ಇಟ್ಟರೆ ಮೇಲಿನ ಕಂಪನಗಳು ಅಲ್ಲಿಯೇ ಕುಗ್ಗುತ್ತವೆ. ಸೆಟ್ಟಿಂಗಿನಲ್ಲಿ ‘ಬಾಸ್ ಬೂಸ್ಟ್’ನಂತಹ ಅಲಂಕಾರಗಳಿದ್ದರೆ ಆರಿಸಬೇಕು.

ಎರಡನೆಯದು ಪರೀಕ್ಷೆ. ಏನನ್ನೂ ನುಡಿಸದೆ ಸ್ಪೀಕರಿನ ಧ್ವನಿಯನ್ನು ಏರಿಸಿ, ಮೌಸನ್ನು ಆಡಿಸಬೇಕು. ಸುಯ್ಗುಟ್ಟುವ ಸದ್ದು ಮೌಸಿನೊಂದಿಗೆ ಏರಿಳಿದರೆ ದೋಷ ಪೆಟ್ಟಿಗೆಯ ಒಳಗಿನದು. ತಂತಿಯನ್ನು ಗಣಕಯಂತ್ರದಿಂದ ತೆಗೆದ ಮೇಲೂ ಗುಂಯ್‌ಗುಟ್ಟುವುದು ಉಳಿದರೆ ಸ್ಪೀಕರಿನದು ಅಥವಾ ಅದರ ವಿದ್ಯುತ್ತಿನದು. ತಂತಿ ಜೋಡಿಸಿದಾಗ ಮಾತ್ರ ಗುಂಯ್‌ಗುಟ್ಟುವುದಾದರೆ ಎರಡನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಜೋಡಿಸಿ ನೋಡಬಹುದು. ಸದ್ದು ನಿಲ್ಲಲೆಂದು ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿಯುವವರಿದ್ದಾರೆ. ಅದು ಜೀವಕ್ಕೆ ಅಪಾಯ.

ದೋಷ ಸ್ಪೀಕರಿನದಾದರೆ ಹಣವನ್ನು ಅಲ್ಲಿಯೇ ಹಾಕಬೇಕು. ಕೇಳುವವರು ಒಬ್ಬರೇ ಆದರೆ, ಅದೇ ಬೆಲೆಗೆ ಸಾಧಾರಣ ಹೆಡ್‌ಫೋನ್ ಹೆಚ್ಚು ಸ್ಪಷ್ಟವಾಗಿ ನುಡಿಯುತ್ತದೆ. ಆದರೆ ಮಿತಿ ಅಗತ್ಯ: ಮಕ್ಕಳಿಗೆ ವಾರಕ್ಕೆ 40 ಗಂಟೆಯಾದರೆ ಧ್ವನಿ 75 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ದೋಷ ಪೆಟ್ಟಿಗೆಯೊಳಗಿನದಾದರೆ ಅಥವಾ ಜ್ಯಾಕ್ ಕೆಟ್ಟಿದ್ದರೆ, ಬೆರಳುದ್ದದ ಯುಎಸ್‌ಬಿ ಧ್ವನಿ ಅಡಾಪ್ಟರ್ ಸಾಕು. ಅಂಕಿಗಳನ್ನು ಸದ್ದಾಗಿಸುವ ಕೆಲಸ ಆಗ ಗದ್ದಲದ ಪೆಟ್ಟಿಗೆಯ ಹೊರಗೆ ನಡೆಯುತ್ತದೆ. ಸಾಮಾನ್ಯ ಮಾನದಂಡದ ಅಡಾಪ್ಟರಿಗೆ ಬೇರೆ ಡ್ರೈವರ್ ಬೇಡ. ವಿಂಡೋಸಿನಲ್ಲಿಯೂ, ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಗ್ನು/ಲಿನಕ್ಸಿನಲ್ಲಿಯೂ ಸೆಟ್ಟಿಂಗಿನ ಧ್ವನಿ ಪುಟದಲ್ಲಿ ಅದನ್ನು ಆರಿಸಿದರೆ ಮುಗಿಯಿತು. ಒಳಗೆ ಕೂರಿಸುವ ಸೌಂಡ್ ಕಾರ್ಡ್ ಕೊನೆಯ ಆಯ್ಕೆ. ಹಳೆಯ ಪಿಸಿಐ ಕಾರ್ಡ್ ಹೊಸ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಂದದು. ಅದನ್ನು ಅಗ್ಗವೆಂದು ಕೊಂಡು ಮೂಲೆಗಿಡುವುದು ವ್ಯರ್ಥ.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಮುದ್ರಣದಲ್ಲಿಯೇ ಕಳೆದುಹೋದ ಅಕ್ಷರವನ್ನು ಯಾವ ಸ್ಪೀಕರೂ ಮರಳಿ ತಾರದು. ಪಾಠವನ್ನು ದೂರದ ಫೋನಿನಲ್ಲಿ, ಫ್ಯಾನಿನ ಕೆಳಗೆ ಮುದ್ರಿಸಿದ್ದರೆ ಮನೆಯವರ ಖರ್ಚು ಫಲಿಸದು. ಶಾಲೆಯ ರಕ್ಷಕ-ಶಿಕ್ಷಕ ಸಂಘದಲ್ಲಿ ಅಲ್ಪ ಹಣವಿದ್ದರೆ ಅಧ್ಯಾಪಕರಿಗೊಂದು ಕಾಲರಿಗೆ ಸಿಕ್ಕಿಸುವ ಮೈಕ್ ಕೊಡುವುದು, ಪ್ರತಿಮನೆಯೂ ಹೊಸ ಸ್ಪೀಕರ್ ಕೊಳ್ಳುವುದಕ್ಕಿಂತ ಮೇಲು. ಒಬ್ಬರ ಬಾಯಿಯ ಬಳಿ ಸರಿಯಾದ ಸದ್ದು ನೂರು ಮಕ್ಕಳ ಕಿವಿಗೆ ತಲಪುತ್ತದೆ.