ಹಳೆಯ ಮೈ, ಹೊಸ ಚಾಸಿ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಮೋಟಾರಿನ ಚಾಸಿಯ ಮಾತೇಕೆ ಎಂದು ಅಧ್ಯಾಪಕ ಮಹಾಶಯರು ಹುಬ್ಬು ಗಂಟಿಕ್ಕಬಹುದು. ಅಮೆರಿಕಾದಲ್ಲಿ ನೌಕರಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, 1970ನೆಯ ಇಸವಿಯ ಷೆವೆಲ್ ಕಾರೊಂದನ್ನು ಕೊಂಡಿದ್ದಾನೆ. ಅದರ ಮೈಯನ್ನು ಹಾಗೆಯೇ ಉಳಿಸಿಕೊಂಡು ಅಡಿಗೆ ಹೊಸ ಚಾಸಿಯನ್ನು ಕೂಡಿಸಬೇಕೆಂಬುದು ಅವನ ಹಟ. ಮೂರು ತಿಂಗಳಿಂದ ನಮ್ಮಿಬ್ಬರಿಗೂ ಇದೇ ವಾದ. ಆ ವಾದದಲ್ಲಿ ನಾನು ಕಲಿತುದನ್ನೂ, ಇನ್ನೂ ಬಿಟ್ಟುಕೊಡದ ನನ್ನ ಅಭಿಪ್ರಾಯವನ್ನೂ ಇಲ್ಲಿ ಹೇಳುತ್ತೇನೆ.

‘ಮಸಲ್ ಕಾರು’ ಎಂದರೆ ಮಧ್ಯಮ ಗಾತ್ರದ ಕಾರಿಗೆ ಅತಿ ದೊಡ್ಡ ಎಂಜಿನನ್ನು ಹೂಡಿದ ವಾಹನ. ಜನರಲ್ ಮೋಟಾರ್ಸ್ ಕಂಪೆನಿಯಲ್ಲಿ ಅಂಥ ಕಾರಿಗೆ 330 ಘನ ಅಂಗುಲಕ್ಕೆ ಮೀರಿದ ಎಂಜಿನು ಕೂಡದೆಂಬ ಒಳಕಟ್ಟಳೆಯಿತ್ತು. 1964ರಲ್ಲಿ ಪಾಂಟಿಯಾಕ್ ವಿಭಾಗದವರು 389 ಘನ ಅಂಗುಲದ ಎಂಜಿನನ್ನು ಗಿರಾಕಿ ಬಯಸಿದರೆ ಕೊಡುವ ಹೆಚ್ಚುವರಿ ಸಾಮಾನೆಂದು ಪಟ್ಟಿಗೆ ಸೇರಿಸಿ, ಕಟ್ಟಳೆಯನ್ನು ನಯವಾಗಿ ದಾಟಿ, ಜಿ.ಟಿ.ಓ. ಎಂಬ ಹೆಸರಿಟ್ಟು ಮಾರಿದರು. ಮಿಕ್ಕವರು ಬೆನ್ನು ಹತ್ತಿದರು. 1970ರ ಹೊತ್ತಿಗೆ ಷೆವೆಲ್ಲಿಗೆ 454 ಘನ ಅಂಗುಲದ, 450 ಅಶ್ವಶಕ್ತಿಯ ಎಂಜಿನೂ ದೊರೆಯುತ್ತಿತ್ತು. ಬಲ ಬೆಳೆದ ವೇಗದಲ್ಲಿ ಬ್ರೇಕಾಗಲಿ ಸ್ಟೀರಿಂಗಾಗಲಿ ಚೌಕಟ್ಟಾಗಲಿ ಬೆಳೆಯಲಿಲ್ಲ. ನೆಟ್ಟನೆಯ ರಸ್ತೆಯಲ್ಲಿ ಸಿಂಹ. ತಿರುವು ಬಂದರೆ ದೇವರೇ ಗತಿ.

ಈ ದೌರ್ಬಲ್ಯದ ಮೂಲ ಎಲ್ಲಿದೆಯೆಂಬುದನ್ನು ತಿಳಿಯದೆ ಚಾಸಿ ಕೊಳ್ಳಹೋಗುವುದು ರೋಗ ತಿಳಿಯದೆ ಔಷಧಿ ಕುಡಿದ ಹಾಗೆ. ಷೆವೆಲ್ಲಿನ ಮೈಯ ಅಡಿ ಉಕ್ಕಿನ ಪ್ರತ್ಯೇಕ ಚೌಕಟ್ಟಿದೆ. ಮುಚ್ಚಿದ ಮಾಡಿನ ಕಾರುಗಳಲ್ಲಿ ಅದರ ಪಕ್ಕದ ತೊಲೆಗಳು ಬಹುಮಟ್ಟಿಗೆ ‘ಸಿ’ ಅಕ್ಷರದ ಆಕಾರದವು. ಒಂದು ಮಗ್ಗುಲು ತೆರೆದೇ ಇರುತ್ತದೆ. ಬಿದಿರಿನ ಕೊಳವೆಯೊಂದನ್ನು ಎರಡು ಕೈಗಳಿಂದ ಹಿಡಿದು ತಿರುಚಿ ನೋಡಿ, ಜಗ್ಗುವುದಿಲ್ಲ. ಅದನ್ನೇ ಉದ್ದಕ್ಕೆ ಒಂದು ಗೆರೆ ಸೀಳಿ ತಿರುಚಿದರೆ ಹಿಂಡಿದ ಬಟ್ಟೆಯಂತೆ ತಿರುಗುತ್ತದೆ. ಗೋಡೆಯ ದಪ್ಪದ ಹತ್ತರಷ್ಟು ತ್ರಿಜ್ಯವುಳ್ಳ ಉಕ್ಕಿನ ಕೊಳವೆಗೆ, ಹಾಗೆ ಸೀಳಿದ ಕೊಳವೆಗಿಂತ ತಿರುಚನ್ನು ತಡೆಯುವ ಬಿಗಿ ಸುಮಾರು 300 ಪಟ್ಟು ಹೆಚ್ಚೆಂದು ಗಣಿತ ಹೇಳುತ್ತದೆ. ಹೊಸ ಚಾಸಿಗಳ ತೊಲೆಗಳೆಲ್ಲ ನಾಲ್ಕೂ ಕಡೆ ಮುಚ್ಚಿದವು. ಅವುಗಳ ಮುಖ್ಯ ಗುಣವೇ ಇದು. ಆದರೆ ಹಳೆಯ ತೊಲೆಯ ತೆರೆದ ಮಗ್ಗುಲಿಗೂ ಉಕ್ಕಿನ ಪಟ್ಟಿಯನ್ನು ಬೆಸೆಯಬಹುದಲ್ಲವೆ? ಮಾಡು ಮಡಿಸುವ ಷೆವೆಲ್ಲುಗಳಿಗೆ ಕಾರ್ಖಾನೆಯವರೇ ಮುಚ್ಚಿದ ತೊಲೆಗಳನ್ನು ಹಾಕಿ ಕಳುಹಿಸುತ್ತಿದ್ದರು.

ಎರಡನೆಯ ಕುಂದು ಮುಂಚಕ್ರಗಳದು. ತಿರುವಿನಲ್ಲಿ ಮೈ ವಾಲಿದಾಗ ಹೊರಬದಿಯ ಚಕ್ರದ ನೆತ್ತಿ ಕಾರಿನ ಕಡೆಗೆ ಬಾಗಿದರೆ ಟೈರು ನೆಲಕ್ಕೆ ಸಮನಾಗಿ ಕೂರುತ್ತದೆ. ಈ ಕಾರುಗಳಲ್ಲಿ ಅದು ಹೊರಕ್ಕೆ ಬಾಗಿ, ಟೈರು ಅಂಚಿನ ಮೇಲೆ ನಿಲ್ಲುತ್ತದೆ. ಇದಕ್ಕೂ ಇಡೀ ಚಾಸಿಯೇ ಬೇಕೆಂದಿಲ್ಲ. ಎತ್ತರದ ಬಾಲ್ ಜಾಯಿಂಟು ಮತ್ತು ಬೇರೆ ಅಳತೆಯ ಮೇಲುತೋಳುಗಳಿಂದ ಬಹಳಷ್ಟು ಸರಿಹೋಗುತ್ತದೆ. ಡಿಸ್ಕ್ ಬ್ರೇಕುಗಳನ್ನೂ ಬಿಡಿಯಾಗಿಯೇ ಹಾಕಬಹುದು.

ಇಷ್ಟಿದ್ದೂ ವಾಷಿಂಗ್ಟನ್ ರಾಜ್ಯದ ಆರ್ಟ್ ಮಾರಿಸನ್, ಇಲಿನಾಯ್ ರಾಜ್ಯದ ರೋಡ್‌ಸ್ಟರ್ ಷಾಪ್ ಮೊದಲಾದವರು ಮಾಡುವ ಚಾಸಿಗಳಿಗೆ ಜನ ಹತ್ತು ಸಾವಿರ ಡಾಲರಿಗೆ ಎಷ್ಟೋ ಮಿಕ್ಕಿ ಹಣ ಸುರಿಯುತ್ತಾರೆ. ಅವು ಉತ್ತಮವಾದವುಗಳೇ, ಅದರಲ್ಲಿ ನನಗೆ ಸಂದೇಹವಿಲ್ಲ. ನನ್ನ ತಕರಾರಿರುವುದು ಕೊಳ್ಳುವವನ ಬುದ್ಧಿಯ ಬಗ್ಗೆ. ಕಾಲು ಮೈಲಿಯ ಓಟದ ಪಂದ್ಯಕ್ಕೆ ಹೋಗುವವನಿಗೆ ಗಟ್ಟಿಮುಟ್ಟಾದ ಒಂಟಿ ಹಿಂದಚ್ಚೇ ಸಾಕು, ಅದೇ ಒಳ್ಳೆಯದು. ಡೊಂಕುರಸ್ತೆಯ ಸವಾರಿಯೇ ಸುಖವೆನ್ನುವವನು ಚಕ್ರಕ್ಕೊಂದು ಬೇರೆ ಆಟವುಳ್ಳ ಹಿಂಭಾಗಕ್ಕೆ ಹೆಚ್ಚು ಹಣ ಕೊಟ್ಟರೂ ಕೊಡಲಿ. ಭಾನುವಾರ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಊರು ಸುತ್ತುವವನಿಗೆ (ನಮ್ಮಣ್ಣ ಈ ಜಾತಿಗೆ ಸೇರಿದವನು) ಪಂದ್ಯದವರ ಚಾಸಿ ಏತಕ್ಕೆ? ಅವನು ಮೊದಲು ಆರಿಸಿದ್ದು ಚಿತ್ರದಲ್ಲಿ ಅತ್ಯಂತ ಬೆಡಗಾಗಿ ಕಂಡದ್ದನ್ನು. ನೆಲದಿಂದ ಎಷ್ಟು ಎತ್ತರ, ಯಾವ ಗೇರುಪೆಟ್ಟಿಗೆ ಹಿಡಿಸುತ್ತದೆ, ಹೊಗೆಕೊಳವೆ ಎಲ್ಲಿ ಹಾಯಬೇಕು, ಹಿಂಚಕ್ರ ಅಗಲವಾದರೆ ಮೈಯ ಒಳತಗಡನ್ನು ಎಷ್ಟು ಕತ್ತರಿಸಬೇಕು ಎಂದು ಕೇಳಿದರೆ ಒಂದಕ್ಕೂ ಉತ್ತರವಿರಲಿಲ್ಲ.

ಮೈಯೇ ಚೌಕಟ್ಟಾಗಿರುವ ಕಾರುಗಳ ವಿಷಯದಲ್ಲಿ ನಾನು ಇನ್ನೂ ಕಠಿಣ. 1964ರ ಏಪ್ರಿಲಿನಲ್ಲಿ ಹೊರಬಂದ ಫೋರ್ಡ್ ಮಸ್ಟಾಂಗಿಗೆ ಪ್ರತ್ಯೇಕ ಚಾಸಿಯೇ ಇಲ್ಲ. ಡಾಡ್ಜ್ ಚಾರ್ಜರಿಗೂ ಅಷ್ಟೆ. ಇಂಥವಕ್ಕೆ ಪೂರ್ಣ ಚಾಸಿ ಹೂಡಬೇಕಾದರೆ ಅನೇಕ ವೇಳೆ ಒಳ್ಳೆಯ ನೆಲತಗಡನ್ನೇ ಕತ್ತರಿಸಬೇಕು. ಒಮ್ಮೆ ಕತ್ತರಿಸಿದ ಮೇಲೆ ಹಿಂದಿರುಗುವ ದಾರಿಯಿಲ್ಲ.

ನಮ್ಮಲ್ಲಿ ಇದು ತಲೆಕೆಳಗು. ಲಾರಿ ಬಸ್ಸುಗಳಿಗೆ ಮೊದಲು ಚಾಸಿ ಬರುತ್ತದೆ. ತಲೆಗೆ ಟವೆಲು ಬಿಗಿದ ಚಾಲಕ ಮೈಯಿಲ್ಲದ ಗಾಡಿಯನ್ನು ಧೂಳಿನಲ್ಲಿ ಓಡಿಸಿಕೊಂಡು ಹೋಗುವುದನ್ನು ಹೆದ್ದಾರಿಯ ಬದಿಯ ಊರಿನವರೆಲ್ಲ ಕಂಡಿದ್ದೇವೆ. ಮೈ ಆಮೇಲಿನ ಮಾತು. ನಮ್ಮವರಿಗೆ ಚಾಸಿಯೇ ಗಾಡಿ. ಅವರಿಗೆ ಮೈಯೇ ಗಾಡಿ.

ಯಾವುದು ನಿಜವಾದ ಗಾಡಿ ಎಂದು ತರ್ಕಶಾಸ್ತ್ರದ ಮಿತ್ರರು ಕೇಳಬಹುದು. ಅಚ್ಚು ರಥವೋ, ಗಾಲಿ ರಥವೋ ಎಂದು ನಾಗಸೇನನು ಮಿಲಿಂದರಾಜನನ್ನು ಕೇಳಿದ ಕಾಲದಿಂದಲೂ ಇದು ಬಗೆಹರಿದಿಲ್ಲ. ನಾಗಸೇನನಿಗೆ ಮೋಟಾರು ವಾಹನ ಇಲಾಖೆಯ ಕಾಟವಿರಲಿಲ್ಲ. 1970ರ ಷೆವೆಲ್ಲಿಗೆ 13 ಅಂಕಿ-ಅಕ್ಷರಗಳ ಗುರುತುಸಂಖ್ಯೆಯಿದೆ. ಅದರ ಒಂದು ಭಾಗವನ್ನು ಚೌಕಟ್ಟಿನ ಮೇಲೂ ಒತ್ತಿರುತ್ತಾರೆ. ಚೌಕಟ್ಟು ಹೋದರೆ ಆ ಸಾಕ್ಷಿಯೂ ಹೋಯಿತು. ಎಂಜಿನು, ಚೌಕಟ್ಟು, ಮೈ ಮೂರರ ಸಂಖ್ಯೆಯೂ ತಾಳೆಯಾಗುವ ಕಾರನ್ನು ಯಾರೂ ಮುಟ್ಟಬಾರದೆಂದು ನಾನು ವಾದಿಸುತ್ತೇನೆ. ನಮ್ಮಣ್ಣನ ಕಾರಿನ ಮೂಲ ಎಂಜಿನು ಎಂದೋ ಮಾಯವಾಗಿತ್ತು. ಆದುದರಿಂದ ಆ ಅಡ್ಡಿ ಅವನಿಗಿರಲಿಲ್ಲ.

ಕಳೆದ ತಿಂಗಳು ಮೈಯನ್ನು ಕಳಚಿ ಮೇಲೆತ್ತಿದರಂತೆ. ಹಿಂದಚ್ಚಿನ ಮೇಲೆ ಚೌಕಟ್ಟು ಬಾಗುವಲ್ಲಿ ತುಕ್ಕು ಹಿಡಿದು, ಸುತ್ತಿಗೆ ತಾಗಿಸಿದರೆ ಹಪ್ಪಳದಂತೆ ಉದುರಿತಂತೆ. ಪಟ್ಟಿ ಬೆಸೆಯಬೇಕೆಂಬ ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು. ಬೆಸೆಯುವುದಕ್ಕೆ ಗಟ್ಟಿ ಉಕ್ಕಾದರೂ ಇರಬೇಕಲ್ಲ. ಹೊಸ ಚಾಸಿ ಕೊಳ್ಳುವುದಕ್ಕೆ ಒಪ್ಪಿದೆ. ಆದರೆ ಒಂಟಿ ಹಿಂದಚ್ಚಿನದು ಸಾಕು, ಉಳಿದ ಹಣವನ್ನು ಬ್ರೇಕಿಗೆ ಹಾಕು ಎಂದೆ. ಹಳೆಯ ಚೌಕಟ್ಟನ್ನು ಗ್ಯಾರೇಜಿನ ಗೋಡೆಗೆ ಒರಗಿಸಿ ಚಿತ್ರ ತೆಗೆದು ಕಳುಹಿಸಿದ್ದಾನೆ. ಗುಜರಿಯವನು ನಾಳೆ ಬರುತ್ತಾನಂತೆ. ಮೊದಲು ನಿಮ್ಮ ರಾಜ್ಯದ ಇಲಾಖೆಯನ್ನು ಕೇಳು, ಸಂಖ್ಯೆಯಿರುವ ತುಂಡನ್ನು ಮಾತ್ರ ಕೊಡಬೇಡ ಎಂದು ನಿನ್ನೆ ರಾತ್ರಿ ಬರೆದಿದ್ದೇನೆ.