ಮೊದಲು ರದ್ದತಿ, ಅನಂತರ ವಿಚಾರಣೆಯೇ?

ಬಡವನ ಮನೆಯ ಒಲೆ ಉರಿಯಬೇಕೆ ಬೇಡವೆ ಎಂಬುದನ್ನು ನಿರ್ಧರಿಸುವ ಅಧಿಕಾರವನ್ನು ಯಂತ್ರಕ್ಕೆ ಒಪ್ಪಿಸಬಹುದೆ? ಕೃತಕ ಬುದ್ಧಿಮತ್ತೆಯನ್ನು ಕುರಿತು ಜಗತ್ತಿನೆಲ್ಲೆಡೆ ನಡೆಯುತ್ತಿರುವ ಈ ಚರ್ಚೆ ಯಲಹಂಕ, ಹೆಬ್ಬಾಳ, ಯಶವಂತಪುರಗಳ ನ್ಯಾಯಬೆಲೆ ಅಂಗಡಿಗಳ ಮುಂದೆ ನಿಲ್ಲುವ ನಮ್ಮ ಕುಟುಂಬಗಳಿಗೂ ಸಂಬಂಧಿಸಿದ್ದು.

2024ರ ನವೆಂಬರ್ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ಪಡಿತರ ಚೀಟಿಗಳ ಮಾಹಿತಿಯನ್ನು ಆದಾಯ ತೆರಿಗೆ ಮೊದಲಾದ ದಾಖಲೆಗಳೊಡನೆ ತಾಳೆ ನೋಡಿ, ಅನರ್ಹರೆಂದು ಕಂಡವರ ಬಿಪಿಎಲ್ ಚೀಟಿಗಳನ್ನು ರದ್ದುಪಡಿಸಲಾಯಿತು, ಇಲ್ಲವೆ ಎಪಿಎಲ್‌ಗೆ ಬದಲಾಯಿಸಲಾಯಿತು. ಜನರು ಪ್ರತಿಭಟಿಸಿದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನುಳಿದು ಮಿಕ್ಕವರ ಚೀಟಿಗಳನ್ನು ಮರಳಿಸುವಂತೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸೂಚಿಸಿದರು.

ಇದು ಕೃತಕ ಬುದ್ಧಿಮತ್ತೆಯ ಕೃತ್ಯವೆಂದು ನಾವು ಹೇಳುತ್ತಿಲ್ಲ. ಆದರೆ ದಾಖಲೆಗಳನ್ನು ತಾಳೆ ನೋಡುವ ಸರಳ ಲೆಕ್ಕವೇ ಇಷ್ಟು ಜನರನ್ನು ಕಂಗೆಡಿಸಿದರೆ, ತಾನೇ ಊಹಿಸಿ ವಿಂಗಡಿಸುವ ಯಂತ್ರದ ಗತಿಯೇನು? ಬ್ಯಾಂಕಿನ ಸಾಲಕ್ಕಾಗಿ ಆಟೊ ಚಾಲಕನೊಬ್ಬ ಆದಾಯದ ವಿವರ ಸಲ್ಲಿಸಿದನೆನ್ನೋಣ. ಅಷ್ಟು ಮಾತ್ರಕ್ಕೆ ಅವನು ತೆರಿಗೆ ಕಟ್ಟುವ ಸ್ಥಿತಿವಂತನಾಗುವುದಿಲ್ಲ. ಇದು ಮನುಷ್ಯನಿಗೆ ತಿಳಿಯುತ್ತದೆ, ದಾಖಲೆಗೆ ತಿಳಿಯುವುದಿಲ್ಲ. ಚೀಟಿ ಬದಲಾದರೆ ಹೋಗುವುದು ಅಕ್ಕಿ ಮಾತ್ರವಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ದೊರೆತರೆ, ಎಪಿಎಲ್ ಕುಟುಂಬಕ್ಕೆ ಸರ್ಕಾರ ಭರಿಸುವುದು ವೆಚ್ಚದ ಒಂದು ಪಾಲನ್ನು ಮಾತ್ರ.

ನೆರೆಯ ತೆಲಂಗಾಣದಿಂದಲೂ ನಾವು ಕಲಿಯಬೇಕಾದುದಿದೆ. ಅಲ್ಲಿ 'ಸಮಗ್ರ ವೇದಿಕೆ' ಎಂಬ ಗಣಕ ವ್ಯವಸ್ಥೆ ಹಲವು ಇಲಾಖೆಗಳ ದಾಖಲೆಗಳನ್ನು ಜೋಡಿಸಿ ಫಲಾನುಭವಿಗಳ ಅರ್ಹತೆಯನ್ನು ಅಳೆಯುತ್ತದೆ. ಸ್ಥಳ ಪರಿಶೀಲನೆಯಿಲ್ಲದೆ ಚೀಟಿಗಳನ್ನು ರದ್ದುಪಡಿಸಲಾಗಿದೆ ಎಂಬ ದೂರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ರದ್ದಾದ ಸುಮಾರು 19 ಲಕ್ಷ ಚೀಟಿಗಳನ್ನು ಮರುಪರಿಶೀಲಿಸುವಂತೆ ನ್ಯಾಯಾಲಯ 2022ರಲ್ಲಿ ಆದೇಶಿಸಿತು.

ಅನರ್ಹರು ಬಡವರ ಪಾಲನ್ನು ಕಬಳಿಸುವುದೂ ಅನ್ಯಾಯವೇ, ಅದನ್ನು ತಡೆಯುವುದು ಸರ್ಕಾರದ ಕರ್ತವ್ಯವೇ. ಆದರೆ ಇಲ್ಲಿ ಎರಡು ಬಗೆಯ ತಪ್ಪುಗಳು ಸಾಧ್ಯ. ಎರಡರ ಭಾರವೂ ಒಂದೇ ಅಲ್ಲ. ಅನರ್ಹನಿಗೆ ಅಕ್ಕಿ ಸಿಕ್ಕರೆ ಬೊಕ್ಕಸಕ್ಕೆ ನಷ್ಟ. ಅರ್ಹನಿಗೆ ತಪ್ಪಿದರೆ ಮಗುವಿನ ತಟ್ಟೆ ಬರಿದು. ಮೊದಲನೆಯ ನಷ್ಟವನ್ನು ನಾಳೆ ವಸೂಲು ಮಾಡಬಹುದು; ಇಂದಿನ ಹಸಿವನ್ನು ನಾಳೆ ತುಂಬಿಕೊಡಲಾಗದು. ಆದ್ದರಿಂದ ರುಜುವಾತಿನ ಹೊಣೆ ಚೀಟಿಯನ್ನು ಕಿತ್ತುಕೊಳ್ಳುವವರದಾಗಬೇಕೇ ಹೊರತು ಹಸಿದವನದಲ್ಲ.

ನಿಯಮ ಎಲ್ಲರಿಗೂ ಒಂದೇ ಆಗಿರುವುದರಿಂದಲೇ ಕೆಲವೊಮ್ಮೆ ಒಬ್ಬ ವ್ಯಕ್ತಿಯ ವಿಷಯದಲ್ಲಿ ಅದು ತಪ್ಪಬಹುದೆಂದು ಅರಿಸ್ಟಾಟಲ್ ಕಂಡಿದ್ದನು. ಅಂಥಲ್ಲಿ ನಿಯಮವನ್ನು ತಿದ್ದುವ ವಿವೇಕವನ್ನೂ ಅವನು ನ್ಯಾಯದ ಒಂದು ರೂಪವೆಂದೇ ಎಣಿಸಿದನು. ಯಂತ್ರ ನಿಯಮವನ್ನು ಬಿಡದೆ ಪಾಲಿಸೀತು. ಎದುರಿಗೆ ನಿಂತವನ ಅಹವಾಲನ್ನು ಕೇಳಿ ವಿವೇಚಿಸುವ ಕೆಲಸ ಮನುಷ್ಯನದೇ. 2024ರ ಜೂನ್ 14ರಂದು ಇಟಲಿಯಲ್ಲಿ ಜಿ-7 ರಾಷ್ಟ್ರನಾಯಕರನ್ನು ಉದ್ದೇಶಿಸಿ ಮಾತನಾಡಿದ ಜಗದ್ಗುರು ಪೋಪ್ ಫ್ರಾನ್ಸಿಸರು, ನಿರ್ಧಾರ ಸದಾ ಮನುಷ್ಯನ ಕೈಯಲ್ಲೇ ಉಳಿಯಬೇಕೆಂದು ಎಚ್ಚರಿಸಿದ್ದರು.

ಹಾಗಾದರೆ ನಾವು ಕೇಳಬೇಕಾದುದೇನು? ಚೀಟಿ ರದ್ದಾಗುವ ಮುನ್ನ ಕನ್ನಡದಲ್ಲಿ ನೋಟಿಸು, ಅದರಲ್ಲಿ ಸ್ಪಷ್ಟ ಕಾರಣ. ಅಹವಾಲು ಕೇಳುವ, ಹೆಸರು ಹೇಳಿ ಸಹಿ ಹಾಕುವ ಒಬ್ಬ ಅಧಿಕಾರಿ. ವಿಚಾರಣೆ ಮುಗಿಯುವವರೆಗೆ ಎಂದಿನಂತೆ ಪಡಿತರ. ನಮ್ಮ ಧರ್ಮಕೇಂದ್ರಗಳ ಯುವಜನರೂ ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರೂ ಇಂಥ ನೋಟಿಸು ಬಂದ ಮನೆಗಳಿಗೆ ಹೋಗಿ, ಅರ್ಜಿ ಬರೆದುಕೊಟ್ಟು, ಆಹಾರ ಇಲಾಖೆಯ ಕಚೇರಿಗೆ ಜೊತೆಯಲ್ಲಿ ನಡೆಯಲಿ. ಆ ಮನೆ ಯಾವ ಮತದವರದೆಂದು ಕೇಳುವ ಅಗತ್ಯವಿಲ್ಲ, ಹಸಿವಿಗೆ ಮತವಿಲ್ಲ.